ಲಾರ್ಸ್ ಅನ್ನಲಾರದವರು

— ಒಂದ ಸಲ ಕರಿ. ಬಾಗಲಾ ಹಾಕೇನಿ, ಯಾರೂ ಕೇಳಂಗಿಲ್ಲ.

— ನನ್ನ ಕಿವಿಗಿ ಕೇಳ್ತದಲ್ಲ, ಸಾಲದೇನು? ನಾ ಅನ್ನಂಗಿಲ್ಲ.

ಶಿವಪುತ್ರಪ್ಪ ಹೆಂಡತಿಯನ್ನು ಕೇಳುತ್ತಿದ್ದುದು ಮಹಾ ದೊಡ್ಡದೇನೂ ಅಲ್ಲ, ತನ್ನ ಹೆಸರು ಹಿಡಿದು ಒಮ್ಮೆ ಕರೆ ಎಂದು. ಆದರೆ ನೀಲಗಂಗಾ ವಿಜಾಪುರದ ಕಡೆಯ ಹೆಣ್ಣು. ಮದುವೆಯಾದಾಗಿನಿಂದ ‘ರೀ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ಮಾಡಿಕೊಂಡು ಬಂದವಳು. ಡೊಂಬಿವಲಿಯ ರೇಶನ್ ಆಫೀಸಿನವನು ಗಂಡನ ಹೆಸರು ಕೇಳಿದಾಗ, ಪಕ್ಕದ ಖೋಲಿಯ ಜಯಲತಾಳನ್ನು ಕರೆದುಕೊಂಡು ಹೋಗಿ ಅವಳ ಬಾಯಿಂದ ಹೇಳಿಸಿದ್ದಳು. ಅಂಥವಳ ಮೇಲೆ ಪ್ರಯೋಗ ಮಾಡಲು ಹೊರಟಿದ್ದ ಈ ಪುಣ್ಯಾತ್ಮ.

ಪ್ರಯೋಗಕ್ಕೆ ಕಾರಣವಿತ್ತು. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರಖಾನೆಯಲ್ಲಿ ಶಿವಪುತ್ರಪ್ಪ ಪರ್ಸನೆಲ್ ಆಫೀಸರ್. ಇನ್ನೂ ಕಾಯಂ ಆಗಿರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಸ್ವೀಡನ್ನಿನ ಕಂಪನಿಯೊಂದು ಆ ಕಾರಖಾನೆಯ ಜೊತೆ ಕೂಡಿಕೊಂಡು, ಲಾರ್ಸ್ ಎಂಬ ಮ್ಯಾನೇಜರನನ್ನು ಕಳಿಸಿತು. ಮನುಷ್ಯ ಒಳ್ಳೆಯವನೇ. ಬಂದವನು, ತಮ್ಮ ದೇಶದ ಪದ್ಧತಿಯಂತೆ ಇಲ್ಲಿ ಇನ್ನು ಯಾರೂ ಯಾರಿಗೂ ಸಾಹೇಬ ಅನ್ನಬಾರದು, ತನ್ನನ್ನು ಬರೀ ಲಾರ್ಸ್ ಅನ್ನಬೇಕು ಎಂದ. ಅದನ್ನು ಜಾರಿಗೆ ತರುವ ಕೆಲಸ ನಮ್ಮ ಶಿವಪುತ್ರಪ್ಪನ ಕೊರಳಿಗೆ ಬಿತ್ತು.

ಜನ ಏನು ಮಾಡಬೇಕು? ಸಾಹೇಬ ಅನ್ನುವಂತಿಲ್ಲ, ಹೆಸರು ಬಾಯಿಗೆ ಬರುವುದಿಲ್ಲ, ಮಾತನ್ನೇ ಬಿಟ್ಟರು. ಲಾರ್ಸ್ ಎದುರು ಬಂದರೆ ಫೋರ್ಮನ್ ಸಿದ್ರಾಮನಂಥ ಗಟ್ಟಿಗನೂ ಮಶೀನಿನ ಹಿಂದೆ ಸರಿಯುತ್ತಿದ್ದ. ಈ ಮೌನ ನೋಡಿ, ಇವರು ಹರತಾಳಕ್ಕೆ ತಯಾರಾಗಿದ್ದಾರೆಂದೇ ಲಾರ್ಸ್ ತಿಳಿದ. ಶನಿವಾರ ಕ್ಯಾಂಟೀನಿನಲ್ಲಿ ಎಲ್ಲರ ಕುಟುಂಬಗಳೂ ಸೇರುವ ಕೂಟವಿತ್ತು. ಅಂದು ಜನ ತನ್ನ ಹೆಸರು ಹಿಡಿದು ಮಾತಾಡದಿದ್ದರೆ ಬೇರೆ ಪರ್ಸನೆಲ್ ಆಫೀಸರನನ್ನು ಹುಡುಕಬೇಕಾಗುತ್ತದೆ ಎಂದು ನಯವಾಗಿಯೇ ಹೇಳಿದ.

— ಸಾಹೇಬ್ರ ಅಂದ್ರ ಅವರಿಗ್ಯಾಕ ಸಿಟ್ಟು? ಎಂದಳು ನೀಲಗಂಗಾ. ಬೈಗುಳೇನೂ ಅಲ್ಲಲ್ಲ.

— ಅವರ ದೇಶದಾಗ ಎಲ್ಲಾರೂ ಸರಿಸಮ.

— ಪಗಾರಾನೂ ಸರಿಸಮ?

— ಪಗಾರದ ಮಾತ ಬ್ಯಾರೆ.

— ಹಂಗಾದ್ರ ಪುಕ್ಕಟ ಕೊಡೂದಷ್ಟ ಸರಿಸಮ ಅನ್ರಿ.

— ನೀಲಾ, ನನ್ನ ನೌಕರಿ ಹೊಂಟದ. ನೀ ಒಬ್ಬಾಕಿ ಅಂದಿ ಅಂದ್ರ, ನೋಡ್ರಪಾ, ನನ್ನ ಹೇಣ್ತಿನೇ ನನ್ನ ಹೆಸರು ಹಿಡದಾಳ, ನಿಮಗೇನಾಗ್ಯದ ಅಂತ ಆ ಮಂದಿಗೆ ಹೇಳಬಹುದು.

— ಅಯ್ಯ, ಕಾರಖಾನಿ ಮಂದಿ ಮುಂದ ಬ್ಯಾರೆ ಹೇಳಾವರಿದ್ರೇನು? ಹಂಗಾದ್ರ ಸತ್ರೂ ಅನ್ನಂಗಿಲ್ಲ.

ಶಿವಪುತ್ರಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಈ ನೌಕರಿ ಸಿಗಲೆಂದು ಎಷ್ಟು ಬಾಗಿಲು ತಟ್ಟಿದ್ದ, ಸಿಕ್ಕಿತೆಂದು ಊರೆಲ್ಲ ಪೇಢೆ ಹಂಚಿ ಬಂದಿದ್ದ. ಈಗ ಒಂದು ಹೆಸರಿನ ಸಲುವಾಗಿ ಕಳೆದುಕೊಂಡೆ ಅಂದರೆ ನಂಬುವವರಾರು? ಅವನ ಮುಖ ನೋಡಿ ನೀಲಗಂಗಾಳ ಕರುಳು ಚುರ್ರೆಂದಿತು.

— ಬರೇ ಹೆಸರು ನನ್ನ ಬಾಯಾಗ ಬರಂಗಿಲ್ರಿ. ಒಡಪು ಹಾಕಿ ಬೇಕಾದ್ರ ಅಂತೀನಿ, ಎಂದು ಸೆರಗು ಸರಿಮಾಡಿಕೊಂಡು ಶುರುಮಾಡಿದಳು:

ಡೊಂಬಿವಲಿ ಗಾಡ್ಯಾಗ ನಿಲ್ಲಾಕ ಜಾಗಾ ಇಲ್ಲ,
ಶಿವಪುತ್ರಪ್ಪನವರ ಸಿಟ್ಟಿಗಿ ಇಳಿಯೂ ಠೇಸನ್ನ ಇಲ್ಲ.

ಶಿವಪುತ್ರಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎದ್ದು ಕೂತ. ಹೊಸ ಮದುಮಗಳು ಗಂಡನ ಹೆಸರನ್ನು ಹೀಗೆ ಪ್ರಾಸದ ಪದದೊಳಗೆ ಮುಚ್ಚಿಟ್ಟು ಹೇಳುವುದು ತಮ್ಮ ಕಡೆ ಒಡಪಾದರೆ, ಮರಾಠಿಯವರಲ್ಲಿ ಉಖಾಣಾ. ಅಂದಮೇಲೆ ಕಾರಖಾನೆಯಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ಮರುದಿನವೇ ಹೋಗಿ, ಲಾರ್ಸ್ ಹೆಸರಿಗೆ ಒಂದೊಂದು ಒಡಪು ಕಟ್ಟಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳಿದ.

ಶನಿವಾರ ಕ್ಯಾಂಟೀನು ತುಂಬಿತ್ತು. ಮೊದಲು ಎದ್ದವನು ಸಿದ್ರಾಮ, ಅಕ್ಕಲಕೋಟೆಯ ಕಡೆಯ ಗಿರಿಜಾ ಮೀಸೆಯ ಆಳು. ನೆಲ ನೋಡುತ್ತ ಹೇಳಿದ:

ಕಲ್ಯಾಣ ಪ್ಯಾಟ್ಯಾಗ ಕೊಂಡೇನಿ ಕಲ್ಲಂಗಡಿ ಹಣ್ಣ,
ನಮ್ಮ ಲಾರ್ಸ್ ಅವರದು ಬೆಕ್ಕಿನಂಥಾ ಕಣ್ಣ.

ಕ್ಯಾಂಟೀನಿನ ಮಾಡು ಹಾರಿಹೋಗುವಂತೆ ಚಪ್ಪಾಳೆ. ಲಾರ್ಸ್‌ನಿಗೆ ಪದ ತಿಳಿಯದಿದ್ದರೂ ನಡುವೆ ತನ್ನ ಹೆಸರು ಕೇಳಿಸಿತು, ಸಾಹೇಬ ಕೇಳಿಸಲಿಲ್ಲ. ಆಮೇಲೆ ಕಳವಾ ಊರಿನ ವೆಲ್ಡರು ಮರಾಠಿಯಲ್ಲಿ ಹೇಳಿದ, ಬದಲಾಪುರದ ಗುಮಾಸ್ತ ಅವನನ್ನು ಮೀರಿಸಿದ. ವಾರಗಟ್ಟಲೆ ತುಟಿ ಬಿಚ್ಚದವರು ಸಾಲು ಹಚ್ಚಿ ನಿಂತರು. ಲಾರ್ಸ್ ಹಿಗ್ಗಿ ಹೀರೆಕಾಯಿಯಾದ. ಇದು ದಿನಾ ಬೆಳಿಗ್ಗೆ ಗೇಟಿನಲ್ಲಿ ನಡೆಯಲಿ, ತಮ್ಮ ದೊಡ್ಡ ಯಜಮಾನರು ಸ್ವೀಡನ್ನಿನಿಂದ ಬಂದಾಗ ಅವರ ಹೆಸರನ್ನು ತಾನೂ ಹೀಗೇ ಹೇಳುತ್ತೇನೆ, ತನಗೂ ಒಂದು ಕಲಿಸಬೇಕು ಎಂದ. ಅಷ್ಟಕ್ಕೇ ಬಿಡದೆ, ಈ ಪದ್ಧತಿ ನಿಮ್ಮಲ್ಲಿ ಎಲ್ಲಿಂದ ಬಂತು ಎಂದೂ ಕೇಳಿದ.

ಶಿವಪುತ್ರಪ್ಪ ಬಹಳ ಹಳೆಯದು, ಮನೆತನದ್ದು ಎಂದೆಲ್ಲ ತಡವರಿಸಿದ. ಬದಿಯಲ್ಲಿದ್ದ ನೀಲಗಂಗಾ ಮೆಲ್ಲಗೆ ತಿವಿದಳು.

— ಏನ ಕೇಳ್ಯಾರ?

— ಈ ಪದ್ಧತಿ ಎಲ್ಲಿಂದ ಬಂತು ಅಂತ. ದೊಡ್ಡ ಸಾಹೇಬ್ರು ಬಂದ್ರ ತಾವೂ ಹೇಳ್ತಾರಂತ.

— ಅಯ್ಯ ಶಿವನ, ಖರೇ ಹೇಳಿಬಿಡ್ರಿ. ಆ ದೊಡ್ಡವರ ಮುಂದ ಇವರ ಮರ್ಯಾದಿ ಹೋಗ್ತದ.

ಹೋದರೆ ಹೋಗಲಿ ನೌಕರಿ ಎಂದು ಶಿವಪುತ್ರಪ್ಪ ಹೇಳಿಯೇಬಿಟ್ಟ: ಇದು ಹೊಸ ಮದುಮಗಳು ನಾಚಿಕೊಂಡು ಗಂಡನ ಹೆಸರು ಹೇಳುವ ರೀತಿ.

ಲಾರ್ಸ್ ಸಾಲಿನತ್ತ ನೋಡಿದ. ಮೀಸೆ ತೀಡಿಕೊಳ್ಳುತ್ತ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, ಒಳಗೊಳಗೇ ಪದ ಉರು ಹೊಡೆಯುತ್ತ ಇನ್ನೂ ಅರ್ಧ ಕಾರಖಾನೆ ಕಾದಿತ್ತು. ಅವನ ಮುಖ ಕಿವಿಯ ತನಕ ಕೆಂಪಾಯಿತು.

— ಶಿವಪುತ್ರಪ್ಪ, ನಿಮ್ಮ ನೌಕರಿ ಇವತ್ತಿನಿಂದ ಕಾಯಂ, ಎಂದ. ಒಂದೇ ಕರಾರು. ಇಷ್ಟು ಮಂದಿ ಹೆಂಡಿರನ್ನು ಬಾಳಿಸುವ ಶಕ್ತಿ ನನಗಿಲ್ಲ. ಸೋಮವಾರದಿಂದ ಎಲ್ಲರೂ ಸಾಹೇಬ ಅಂತಲೇ ಕರೆಯಲಿ.