ಸಪಾಟು ಜಾಗ ಮತ್ತು ನಮ್ಮ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಅನುಮಾನದ ಪ್ರಾಣಿ ಇಡೀ ವಿಲೆ ಪಾರ್ಲೆಯಲ್ಲೇ ಇರಲಿಲ್ಲ! ಅನುಮಾನ ಮನುಷ್ಯರ ಮೇಲಲ್ಲ, ಸಪಾಟಾದ ಜಾಗಗಳ ಮೇಲೆ. ಅವರು ದೊಡ್ಡ ಕರುಳಿನೊಳಗೆ ದುರ್ಬೀನಿನ ಕೊಳವೆ ಇಳಿಸಿ ನೋಡುವ ಡಾಕ್ಟರು. ಅಣಬೆಯಂತೆ ಎದ್ದು ನಿಂತ ಗಂಟು ಯಾರಿಗಾದರೂ ಕಾಣುತ್ತದೆ, ಗೋಡೆಗೆ ಅಂಟಿ ಮಲಗಿದ್ದನ್ನು ಹಿಡಿಯಬೇಕು ಎಂಬುದು ಅವರ ಹಟ. ಆ ಹಟ ಆಸ್ಪತ್ರೆಯಲ್ಲೇ ಉಳಿದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು!

ಗೋರೆಗಾಂವಿನಲ್ಲಿ ಫ್ಲ್ಯಾಟ್ ನೋಡಲು ಹೋದಾಗ ಹೊಸ ಗೋಡೆಯೆದುರು ಒಂದು ಕಣ್ಣು ಮುಚ್ಚಿ ಕಾಲು ಗಂಟೆ ನಿಂತರು.

"ಇಲ್ಲಿ ಬಣ್ಣ ಸ್ವಲ್ಪ ಬ್ಯಾರೆ ಅದ."

"ಡಾಕ್ಟರ್‌ಸಾಬ್, ಯೇ ದೀವಾರ್ ಹೈ, ಪೇಟ್ ನಹೀ!" ಇದು ಗೋಡೆ, ಹೊಟ್ಟೆಯಲ್ಲ ಎಂದು ಬಿಲ್ಡರ್ ನಕ್ಕ. ಮಳೆಗಾಲ ಬಂತು, ಸರಿಯಾಗಿ ಅಲ್ಲೇ ಸೋರಿತು. ಸೀರೆಯಂಗಡಿಯಲ್ಲೂ ಹೀಗೇ ಒಂದು ಕಣ್ಣು ಮುಚ್ಚಿ ಸೆರಗು ಪರೀಕ್ಷಿಸುತ್ತಿದ್ದಾಗ, ಎದುರಿದ್ದ ಹುಡುಗಿ ತನಗೇ ಕಣ್ಣು ಹೊಡೆದರೆಂದು ಮಾಲೀಕನನ್ನು ಕೂಗಿದಳು. ಚಿಕ್ಕಮ್ಮ ಒಂದು ವರ್ಷ ಆ ರಸ್ತೆ ತುಳಿಯಲಿಲ್ಲ!

ಒಮ್ಮೆ ನಮ್ಮವ್ವನಿಗೆ ಮಲದಲ್ಲಿ ಆಗಾಗ ರಕ್ತ ಕಾಣಿಸಿತು. "ಮೂಲವ್ಯಾಧಿ, ಮಜ್ಜಿಗಿ ಕುಡದ್ರ ಹೋಗ್ತದ" ಎಂದಳು. ಚಿಕ್ಕಪ್ಪ ಬಿಟ್ಟಾರೆಯೇ? ಅವ್ವ ಸೊಸೆಯಾಗಿ ಧಾರವಾಡದ ಮನೆಗೆ ಬಂದಾಗ ಚಿಕ್ಕಪ್ಪ ಮೂರು ವರ್ಷದ, ತಾಯಿಯಿಲ್ಲದ ಕೂಸು; ಅತ್ತಿಗೆಯನ್ನು 'ವೈನಿ' ಎನ್ನುತ್ತಲೇ ಬೆಳೆದವರು. ಅವ್ವನಿಗೆ ನಾಚಿಕೆ.

"ನಾ ಎತ್ತಿ ಆಡಿಸಿದ ಹುಡುಗನ ಮುಂದ ಇದೆಲ್ಲ ಏನೋ!"

"ನೀವು ನನ್ನ ಕುಂಡಿ ತೊಳದೀರಿ, ವೈನಿ. ಈಗ ನನ್ನ ಪಾಳಿ."

ಅವ್ವ ನಕ್ಕಳು, ಒಪ್ಪಿದಳು.

ಪರೀಕ್ಷೆಯ ದಿನ ಜೊತೆಗಿದ್ದ ಕಿರಿಯ ಡಾಕ್ಟರು ಕೊಳವೆಯಲ್ಲಿ ನೋಡಿ, "ಸರ್, ಸಬ್ ಕ್ಲೀನ್ ಹೈ" ಎಂದರಂತೆ. ಚಿಕ್ಕಪ್ಪ ಅಲುಗಲಿಲ್ಲ, ಕೊಳವೆ ಹಿಡಿದ ಅವರ ಕೈಯೂ ಅಲುಗಲಿಲ್ಲ. ಒಂದೆಡೆ ತುಸು ಕೆಂಪು, ರಕ್ತನಾಳಗಳ ಗೆರೆ ಅಲ್ಲಿ ಮಾತ್ರ ಮಾಯ. ನೀಲಿ ಬಣ್ಣದ ನೀರು ಚಿಮುಕಿಸಿದರು. ಎಂಟಾಣೆಯಷ್ಟಗಲದ ಒಂದು ತೇಪೆಯ ಅಂಚು ನಿಧಾನವಾಗಿ ಮೂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ! ಆದರೆ ಈಗಷ್ಟೇ ಶುರುವಾದದ್ದು. ಸರ್ಜನ್ ಕರುಳಿನ ಅಷ್ಟು ಭಾಗ ಕತ್ತರಿಸಿ ತೆಗೆದರು. ಎಲ್ಲಿಗೂ ಹರಡಿರಲಿಲ್ಲ.

ಆಪರೇಷನ್ ಆದ ಮೇಲೆ ಮೊದಲ ಸಲ ಗಂಜಿ ಕೊಡುವ ದಿನ ನರ್ಸನ್ನೂ ನನ್ನನ್ನೂ ಸರಿಸಿ, ಚಿಕ್ಕಪ್ಪ ತಾವೇ ಚಮಚ ಹಿಡಿದು ಮಂಚದ ಪಕ್ಕ ಕುಳಿತರು. ಗಂಜಿ ಅವ್ವನ ಗದ್ದದ ಮೇಲೆ ಚೆಲ್ಲಿತು.

"ಯಾಕೋ, ನಿನ್ನ ಕೈ ಯಾಕ ನಡಗಾಕತ್ತದ?"

ಅವರು ಅವ್ವನ ಗದ್ದ ಒರೆಸಿದರು.

"ಈಗ ನಡಗಿದ್ರ ನಡೀತದ ಬಿಡ್ರಿ, ವೈನಿ."