ಮೂಡಲಗಿಯನ್ನು ನುಂಗಿದ ಬಿಳಿ ಗೆರೆ

ಮಾನ್ಯರೇ,

ವಸತಿನಿಲಯದ ಜಾಲತಾಣವನ್ನು ಸಿಂಗರಿಸಿದ ತಮ್ಮ ಕೈಗಳಿಗೆ ಕುಲಗೋಡದಿಂದ, ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ಲಗಮಪ್ಪನ ಶರಣು. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದಾಗ ಕೆಟ್ಟ ಕನಸು ಬಿತ್ತು. ಮೂಡಲಗಿಯ ತಹಶೀಲ್ದಾರ ಕಚೇರಿಯನ್ನು ಕುರ್ಚಿ, ಫೈಲು, ಬೋರ್ಡು ಸಮೇತ ಕಬ್ಬಿನ ಟ್ರ್ಯಾಕ್ಟರಿಗೆ ಹೇರಿ ಮರಳಿ ಗೋಕಾಕಕ್ಕೆ ಒಯ್ಯುತ್ತಿದ್ದರು, ನಾನು ಹಿಂದೆ ಓಡುತ್ತ, ಮಗಳ ಪ್ರಮಾಣಪತ್ರವನ್ನಾದರೂ ಇಳಿಸಿ ಹೋಗ್ರಿ ಎಂದು ಬೇಡುತ್ತಿದ್ದೆ.

ಕನಸಿಗೆ ಕಾರಣ ತಾವೇ. ಮಗಳು ವಿದ್ಯಾ ಪರೀಕ್ಷೆಗೆ ಹೋದ ದಿನ ತಮ್ಮ ವಸತಿನಿಲಯಕ್ಕೆ ಅವಳ ಅರ್ಜಿಯನ್ನು ನಾನೇ ತುಂಬಿದೆ. ತಾಲ್ಲೂಕು ಆರಿಸಿರಿ ಎಂದಿರಿ. ಅಥಣಿ, ಕಾಗವಾಡ, ಕಿತ್ತೂರು, ಖಾನಾಪುರ, ಗೋಕಾಕ. ಅಲ್ಲಿಗೆ ಪಟ್ಟಿ ಮುಗಿಯಿತು. ನಮ್ಮ ಮೂಡಲಗಿ ಮೊನ್ನೆ ಮೊನ್ನೆ ಗೋಕಾಕದಿಂದ ಒಡೆದು ಮಾಡಿದ ತಾಲ್ಲೂಕಾದ್ದರಿಂದ, ಕೊಟ್ಟವರೇ ತಿರುಗಿ ಕಸಿದುಕೊಂಡರೆಂದು ತಿಳಿದೆ. ನನ್ನ ಹೆಂಡತಿ ಸೀತವ್ವ, "ಮೂಡಲಗಿ ತಗದರ ತಗೀಲಿ, ನನ್ನ ತವರಮನಿ ಹುಕ್ಕೇರಿ ಇವರಿಗೇನ ಮಾಡಿತ್ತರಿ?" ಎಂದು ಸಿಟ್ಟಾದಳು. ನಾನು ಅಂಜುತ್ತಲೇ ಗೋಕಾಕ ಒತ್ತಿ ಅರ್ಜಿ ಕಳಿಸಿಬಿಟ್ಟೆ.

ಸಂಜೆ ವಿದ್ಯಾ ನೋಡಿ ಹಣೆ ಬಡಿದುಕೊಂಡಳು. "ಅಪ್ಪಾ, ಮೂಡಲಗಿ ಎಲ್ಲೂ ಹೋಗಿಲ್ಲ, ಕೆಳಗ ಐತಿ. ಬಾಜೂದ ಗೆರಿ ಹಿಡದ ಜಗ್ಗಬೇಕಿತ್ತು!" ಆ ಗೆರೆಯನ್ನು ನಾನು ಕಂಡಿರಲಿಲ್ಲವೆಂದಲ್ಲ. ನಮ್ಮದು ಕಂಬಳಿ ನೇಯುವ ಮನೆ, ಉಣ್ಣೆಯ ಎಳೆ ಅಂಟಿದೆಯೆಂದು ಧೋತರದ ಚುಂಗಿನಿಂದ ಪರದೆಯನ್ನು ಮೂರು ಸಲ ಒರೆಸಿದ್ದೆ.

ನನ್ನ ಚಾಳೀಸಿನ ಕಣ್ಣಿಗಾಗಿ ವಿದ್ಯಾ ಲ್ಯಾಪ್‌ಟಾಪಿನಲ್ಲಿ ಈ ಗೆರೆಯನ್ನು, ಅಂದರೆ ಸ್ಕ್ರೋಲ್‌ಬಾರನ್ನು, ಹೆಬ್ಬೆರಳಷ್ಟು ದಪ್ಪ ಮಾಡಿಟ್ಟಿದ್ದಳು. ಬೇರೆ ತಾಣಗಳೆಲ್ಲ ಅದಕ್ಕೆ ಮರ್ಯಾದೆ ಕೊಡುತ್ತವೆ. ತಾವೊಬ್ಬರೇ ಅದನ್ನು ತಳ್ಳಿಹಾಕಿ, ಬಿಳಿಯ ಮೇಲೆ ಬಿಳಿಯ ಎಳೆ ಎಳೆದಿದ್ದೀರಿ. ಕಣ್ಣಿಗೆ ಕಾಣದಷ್ಟು ಚೆಂದ ಮಾಡುವುದೆಂದರೆ ಸಣ್ಣ ಕಸುಬಲ್ಲ, ಮೆಚ್ಚಿದೆ. ಬಣ್ಣ ತಮ್ಮ ಮನಸ್ಸಿಗೆ ಬಂದದ್ದು ಬಳಿಯಿರಿ, ದಪ್ಪವನ್ನು ಮಾತ್ರ ನೋಡುವವನಿಗೆ ಬಿಡಿರಿ. ಅದು ಆಗದಿದ್ದರೆ ಪಟ್ಟಿಯ ತುದಿಯಲ್ಲಿ "ಇನ್ನೂ ಐತಿ, ಬರ್ರಿ" ಎಂದು ಕೂಗುವ ಒಬ್ಬ ಮನುಷ್ಯನನ್ನು ನಿಲ್ಲಿಸಿರಿ. ಅದೂ ಆಗದಿದ್ದರೆ ಸರ್ಕಾರಕ್ಕೆ ಬರೆದು ನಮ್ಮ ತಾಲ್ಲೂಕಿಗೆ ಅಮೂಡಲಗಿ ಎಂದು ಹೆಸರಿಡಿಸಿರಿ, ಮೇಲೆಯೇ ಸಿಗುತ್ತದೆ.

ಖರೆ ಹೇಳುತ್ತೇನೆ, ಈ ವಸತಿನಿಲಯ ಇರುವುದು ಗೋಕಾಕದಲ್ಲಿ, ಸೇರಿಸಿಕೊಳ್ಳುವುದು ಹೊರ ತಾಲ್ಲೂಕಿನ ಹುಡುಗಿಯರನ್ನು ಮಾತ್ರ. ನನ್ನ ಒಂದು ಒತ್ತಿಗೆ ವಿದ್ಯಾ ಅದೇ ಊರಿನವಳಾಗಿ ಕೂತಿದ್ದಾಳೆ. ದಯಮಾಡಿ ಅವಳನ್ನು ಮೂಡಲಗಿಗೆ ಮರಳಿಸಿರಿ.

ತಮ್ಮ ಪುಟದ ಮೇಲಿನ ಅರ್ಧದಲ್ಲಷ್ಟೇ ವಿಶ್ವಾಸವಿಟ್ಟ,
ತಮ್ಮ ವಿಶ್ವಾಸಿ,
ಲಗಮಪ್ಪ, ಕುಲಗೋಡ

ತಾ.ಕ.: ತಿದ್ದುಪಡಿಗೆ ಕೊನೆಯ ದಿನಾಂಕವನ್ನು "ಕೆಳಗೆ ನೋಡಿರಿ" ಎಂದು ಬರೆದಿದ್ದೀರಿ. ವಿದ್ಯಾ ಮನೆಯಲ್ಲಿಲ್ಲ, ನನಗೆ ಕೆಳಗೆ ಎಂಬುದು ಇನ್ನೂ ಸಿಕ್ಕಿಲ್ಲ. ಆ ದಿನಾಂಕ ತಮಗಾದರೂ ಕಾಣುತ್ತದೆಯೇ, ಇನ್ನೊಮ್ಮೆ ನೋಡಿ ತಿಳಿಸಿರಿ.