ಬುಡಕ್ಕೆ ಹಾಕಿದ ಬೀಗ

ಇಂಡಿಗೆ ಆಗಷ್ಟೇ ಕಂಪ್ಯೂಟರ್ ಬಂದಿದ್ದ ಕಾಲ. ಅಲ್ಲಿನ ವಧೂವರರ ಕೇಂದ್ರದಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ಕಲ್ಮೇಶನಿಗೆ ಮುಳುವಾದದ್ದು ಅವನದೇ ಶಿಸ್ತು. ವರ ವಧುವಿಗಿಂತ ದೊಡ್ಡವನಿರಬೇಕೆಂಬ ನಿಯಮವನ್ನು ಅವನು ಮೊದಲು ಹೆಸರು ತುಂಬುವ ಪರದೆಗಷ್ಟೇ ಬರೆದಿದ್ದ. ಜತೆಗಾರ ಚಂದ್ರಾಮ ಆ ಪರದೆಯ ಗೊಡವೆಗೇ ಹೋಗದೆ, ಎಲ್ಲ ಹೆಸರು ಕೂಡಿಟ್ಟ ಡೇಟಾಬೇಸಿಗೆ ನೇರವಾಗಿ ಕೈಹಾಕಿ, ಮೀಸೆ ಮೂಡದ ಹುಡುಗನಿಗೆ ಅಕ್ಕನ ವಯಸ್ಸಿನವಳನ್ನು ಗೊತ್ತುಮಾಡಿಬಿಟ್ಟ. ದೊಡ್ಡ ರಂಪವಾಯಿತು. ಕಲ್ಮೇಶ ನಿಯಮವನ್ನು ಡೇಟಾಬೇಸಿನ ಬುಡಕ್ಕೇ ಇಳಿಸಿದ.

"ಇನ್ನ ಯಾರ ಯಾವ ಕಡಿಂದ ಬಂದ್ರೂ ಬಿಡೂದಿಲ್ರಿ. ನಾ ಬಂದ್ರೂ ಅಷ್ಟ," ಎಂದು ಮಾಲೀಕ ಗುರುಲಿಂಗಪ್ಪನವರ ಮುಂದೆ ಎದೆಯುಬ್ಬಿಸಿದ.

ಒಂದು ದಿನ ಮುಂಜಾನೆಯಿಂದ ಚಂದ್ರಾಮ ಚಡಚಣದ ಎಳೆ ಹುಡುಗನೊಬ್ಬನ ಹೆಸರನ್ನು ಅವನಿಗಿಂತ ದೊಡ್ಡವಳ ಜತೆ ತುಂಬಲು ಹೆಣಗುತ್ತಿದ್ದ.

"ಸ್ವಲ್ಪ ಸಡಿಲ ಮಾಡಲೇ ಕಲ್ಮೇಶಾ, ಪುಣ್ಯಾ ಬರ್ತೈತಿ."

"ಆಗೂದಿಲ್ಲ. ನಿಯಮ ಅಂದ್ರ ನಿಯಮ."

ಅಷ್ಟರಲ್ಲಿ ಹೊರ್ತಿಯ ಸಿದ್ದಾರೂಢಪ್ಪನವರು ಬಂದು ಕೂತರು. ಅವರ ಮಗಳು ದಾನೇಶ್ವರಿಯೆಂದರೆ ಕಲ್ಮೇಶನಿಗೆ ಪ್ರಾಣ. ಅವಳೂ ಹೂಂ ಅಂದಿದ್ದಳು. ಆದರೆ ತಂದೆಯದು ಒಂದೇ ಮಾತು: "ಕಂಪ್ಯೂಟರ್ ಯಾರ ಹೆಸರಿಗೆ ಚೀಟಿ ಕೊಡ್ತೈತಿ, ಅವಗ ಮಗಳನ್ನ ಕೊಡ್ತೇನಿ."

ಕಲ್ಮೇಶ ಅವಳ ಹೆಸರಿನ ಪಕ್ಕ ತನ್ನ ಹೆಸರು ಹೊಡೆದ. 'ವರ ಚಿಕ್ಕವನು' ಎಂದಿತು ಯಂತ್ರ. ನಿಜಕ್ಕೂ ಅವನು ಅವಳಿಗಿಂತ ವರ್ಷ ದೊಡ್ಡವನೇ. ಆದರೆ ಶಾಲೆಗೆ ಸೇರಿಸುವಾಗ ಮಾಸ್ತರರು, ಮುಂದೆ ನೌಕರಿಗೆ ಅನುಕೂಲವಾಗಲೆಂದು, ವಯಸ್ಸು ಇಳಿಸಿ ಎಲ್ಲರಂತೆ ಜೂನ್ ಒಂದನೇ ತಾರೀಖು ಬರೆದಿದ್ದರು. ದಾಖಲೆಯಲ್ಲಿ ಅವನು ಹುಡುಗಿಯ ತಮ್ಮನಂತಾಗಿದ್ದ.

ಒಂದು ನಿಮಿಷದ ಮಾತು, ಯಾರಿಗೂ ತಿಳಿಯದು ಎಂದುಕೊಂಡು ಕಲ್ಮೇಶ ಬುಡದ ನಿಯಮವನ್ನು ಕಿತ್ತುಹಾಕಿದ. ಮತ್ತೆ ತನ್ನ ಹೆಸರು ಹೊಡೆದ.

'ಈ ವಧುವಿಗೆ ಈಗಾಗಲೇ ವರ ಗೊತ್ತಾಗಿದೆ' ಎಂದಿತು ಯಂತ್ರ.

ಎದುರುಗಡೆ ಚಂದ್ರಾಮನ ಮೇಜಿನ ಪ್ರಿಂಟರ್ ಕಿರ್ರೆಂದಿತು.

"ಹೋತಲೇ! ಮುಂಜಾನಿಂದ ಒಲ್ಲೆ ಅಂದದ್ದು ಒಳಗ ಹೋತು!" ಎಂದು ಚಂದ್ರಾಮ ಕುಣಿದ. ನಿಯಮವಿಲ್ಲದ ಆ ಒಂದು ನಿಮಿಷದಲ್ಲಿ ಚಡಚಣದ ಹುಡುಗನಿಗೆ ಅವನು ಗೊತ್ತುಮಾಡಿದ್ದು ದಾನೇಶ್ವರಿಯನ್ನೇ.

ಸಿದ್ದಾರೂಢಪ್ಪನವರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು. "ಮುಂಜಾನಿಂದ ಒಲ್ಲೆ ಅಂದ ಯಂತ್ರ ಈಗ ತಾನ ಒಪ್ಪೇತಿ ಅಂದ್ರ ಇದು ದೇವರ ಇಚ್ಛಾನ ಬಿಡ್ರಿ."

ಕಲ್ಮೇಶ ಮೆಲ್ಲಗೆ ನಿಯಮವನ್ನು ಮತ್ತೆ ಬುಡಕ್ಕೆ ಹಾಕಿದ. ಮಾತಾಡಿದರೆ ನಿಯಮ ಕಿತ್ತವನು ತಾನೇ ಎಂದು ಒಪ್ಪಿಕೊಳ್ಳಬೇಕಿತ್ತು.

ಗುರುಲಿಂಗಪ್ಪನವರು ಅವನ ಬೆನ್ನು ತಟ್ಟಿದರು. "ನಿನ್ನ ನಿಯಮದ ಮ್ಯಾಲೆ ಮಂದಿಗಿ ಎಷ್ಟ ನಂಬಿಕಿ ನೋಡು!"

ಹೊರಗೆ ಬೇವಿನ ನೆರಳಿನಲ್ಲಿ, ತಂದೆಯ ಜತೆ ಬಂದಿದ್ದ ದಾನೇಶ್ವರಿ ಕಲ್ಮೇಶನ ಹೆಸರಿನ ಚೀಟಿಗೆ ಕಾಯುತ್ತ ನಿಂತಿದ್ದಳು.